ಘಾನಾ ಆಂಟಿಯ ಉಪ್ಪಿಲ್ಲದ ಸಾರು

ನನಗೆ ಸಿಟ್ಟು ಬೇಗ ಬರುತ್ತದೆ. ಬಂದದ್ದನ್ನು ನುಂಗಿಕೊಳ್ಳುವ ಅಭ್ಯಾಸವೂ ಇಲ್ಲ. ನರ್ಸ್ ಆದವಳಿಗೆ ಇದು ಶೋಭೆಯಲ್ಲ ಅಂತ ಮೈಸೂರಿನಲ್ಲಿ ಕಲಿಸಿದವರು ಹೇಳಿದ್ದರು. ಇಲ್ಲಿ ನ್ಯೂಜಿಲೆಂಡಿನ ಲೋವರ್ ಹಟ್‌ಗೆ ಬಂದ ಮೇಲೆ ಕ್ಲಿನಿಕ್ಕಿನ ಡಾಕ್ಟರೂ ಹೇಳಿದ್ದಾರೆ. ಹಾಗಿದ್ದೂ ಒಂದು ಮಂಗಳವಾರ ಘಾನಾ ಆಂಟಿಯ ಮೇಲೆ ರೇಗಿಬಿಟ್ಟೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಆಂಟಿ ಪಶ್ಚಿಮ ಆಫ್ರಿಕದ ಘಾನಾದವರು, ಅಕ್ರಾ ಅವರ ಊರು. ಇಲ್ಲಿ ಒಂದು ವೃದ್ಧಾಶ್ರಮದ ಲಾಂಡ್ರಿಯಲ್ಲಿ ಕೆಲಸ. ಗಂಡ ತೀರಿಕೊಂಡಿದ್ದರು. ಇದ್ದ ಒಬ್ಬಳೇ ಮಗಳು ಅಕ್ರಾದಲ್ಲಿ ಚೊಚ್ಚಲ ಬಸುರಿ. ಹೆರಿಗೆಗೆ ನಾಲ್ಕು ತಿಂಗಳಿತ್ತು. ಅಷ್ಟರೊಳಗೆ ಹೋಗಿ ಬಾಣಂತನ ಮಾಡಬೇಕು, ಮೊಮ್ಮಗುವಿಗೆ ತಾವೇ ಮೊದಲ ಸ್ನಾನ ಮಾಡಿಸಬೇಕು ಅನ್ನುವುದು ಅವರ ಆಸೆ. ಆದರೆ ಬಿಪಿ ಏರಿ ಕೂತಿತ್ತು. "ಇದು ಇಳಿಯದೆ ಅಷ್ಟು ದೂರದ ವಿಮಾನ ಹತ್ತಬೇಡಿ" ಅಂದುಬಿಟ್ಟರು ಡಾಕ್ಟರ್. ಮಾತ್ರೆ ಅವರು ಬರೆದುಕೊಟ್ಟರು, ಊಟದ ವಿಷಯ ನನ್ನ ಪಾಲಿಗೆ ಬಂತು.

ಊಟದ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೇ ಇತ್ತು ಅನ್ನಿ. ಕ್ಲಿನಿಕ್ಕಿನಲ್ಲಿ ಎಲ್ಲರಿಗೂ ಕೊಡುವ ಒಂದು ಹಾಳೆ ಇದೆ: ಚಿಪ್ಸ್, ಬೇಕನ್, ಟೇಕ್‌ಅವೇ ತಿನ್ನಬೇಡಿ, ಅಡುಗೆಗೆ ಉಪ್ಪು ಕಡಿಮೆ ಮಾಡಿ. ನಮ್ಮವರಿಗೆ ಇದರಿಂದ ಏನೂ ಉಪಯೋಗವಿಲ್ಲ ಅಂತ ಗೊತ್ತಾಗಿ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿ ಎಲ್ಲ ಸೇರಿಸಿ ಕನ್ನಡದಲ್ಲೇ ಒಂದು ಹಾಳೆ ಮಾಡಿದ್ದೆ. ಮನೆಯಲ್ಲಿ ನನ್ನ ಗಂಡ ಪಲ್ಯಕ್ಕೆ ಉಪ್ಪು ಬೇಡ ಅಂತ ದೊಡ್ಡ ತ್ಯಾಗ ಮಾಡಿ, ತಟ್ಟೆಯ ತುದಿಯಲ್ಲಿ ಮಾವಿನಮಿಡಿ ಇಟ್ಟುಕೊಳ್ಳುತ್ತಿದ್ದರು.

"ಅದೇನ್ರೀ ಅದು?" ಅಂದರೆ, "ಉಪ್ಪಿನಕಾಯಿ ಕಣೇ, ಉಪ್ಪಲ್ಲ. ಮನೇಲೂ ಪೊಲೀಸ್ ಕೆಲಸ ಮಾಡ್ಬೇಡ" ಅನ್ನುತ್ತಿದ್ದರು.

ಇಷ್ಟೆಲ್ಲ ಗೊತ್ತಿದ್ದವಳು ಆಂಟಿಗೆ ಕೊಟ್ಟದ್ದು ಮಾತ್ರ ಆ ಮಾಮೂಲಿ ಹಾಳೆ. ಅವರಿಗಾಗಿ ಬೇರೆ ಹಾಳೆ ಬೇಕಾದೀತು ಅಂತ ಹೊಳೆಯಲೇ ಇಲ್ಲ.

ಎರಡು ವಾರಕ್ಕೊಮ್ಮೆ ಬರುತ್ತಿದ್ದರು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ. ನೆನಪಿನಲ್ಲಿ ಅದು ಹೇಗೋ ಕನ್ನಡದಲ್ಲಿ ಕೂತುಬಿಟ್ಟಿದೆ. ಅವರ ಫುಫು ಥೇಟ್ ನಮ್ಮ ಮುದ್ದೆ. ಅಗಿಯುವ ಹಾಗಿಲ್ಲ, ಸಾರಿನಲ್ಲಿ ಅದ್ದಿ ನುಂಗಬೇಕು ಅಂದಾಗ ನಾನು ಕುರ್ಚಿಯಿಂದ ಎದ್ದೇ ಬಿಟ್ಟಿದ್ದೆ. ಅವರು ಕಡಲೆಕಾಯಿ ಅರೆದು ಸಾರು ಮಾಡುವುದು, ಅವರ ಕಡೆಯ ಸೊಪ್ಪು ಇಲ್ಲಿ ಸಿಗದೆ ಕೆಸುವಿನ ಎಲೆ ಹಾಕುವುದು ಎಲ್ಲ ಕೇಳುತ್ತಾ ಬಿಪಿ ಪಟ್ಟಿ ಸುತ್ತುವುದನ್ನೇ ಮರೆಯುತ್ತಿದ್ದೆ.

"ನಮ್ಮಲ್ಲಿ ಬಿಪಿ ನೋಡಿಸಿಕೊಳ್ಳೋರು ಯಾರು? ಬಿದ್ದ ಮೇಲೇ ಗೊತ್ತಾಗೋದು" ಅಂದಿದ್ದರು ಒಮ್ಮೆ. ಅವರ ತಾಯಿ ಮಾರುಕಟ್ಟೆಯಲ್ಲಿ ಟೊಮೇಟೊ ಮಾರುತ್ತಾ ಕೂತಲ್ಲೇ ಬಿದ್ದರಂತೆ. ಅಕ್ರಾದಲ್ಲಿ ಸತ್ತವರ ದೊಡ್ಡ ದೊಡ್ಡ ಪೋಸ್ಟರ್‌ಗಳನ್ನು ಗೋಡೆಗೆ ಅಂಟಿಸುತ್ತಾರೆ. ಅವುಗಳಲ್ಲಿ ತಲೆ ನರೆಯದವರೇ ಎಷ್ಟೋ ಜನ ಇರುತ್ತಾರೆ ಅಂದರು. ಮೈ ತುಂಬಿಕೊಂಡರೆ ಸುಖವಾಗಿದ್ದಾಳೆ ಅನ್ನುತ್ತಾರೆ, ಇಳಿದರೆ ಏನು ಕಾಯಿಲೆ ಅಂತ ಕೇಳುತ್ತಾರಂತೆ. ನಮ್ಮಲ್ಲೂ ಹಾಗೇ ಅಂತ ನಾನು ತಲೆಯಾಡಿಸಿದೆ.

ಎರಡು ತಿಂಗಳಾಯಿತು. ಡಾಕ್ಟರ್ ಎರಡು ಸಲ ಮಾತ್ರೆ ಬದಲಾಯಿಸಿದರು. ಬಿಪಿ ಇಳಿಯುವುದಿರಲಿ, ಮೊದಲಿಗಿಂತ ಮೇಲಕ್ಕೇ ಹೋಗಿತ್ತು. ಆ ಮಂಗಳವಾರ ಪಟ್ಟಿ ಬಿಚ್ಚುತ್ತಾ ಕೇಳಿದೆ.

"ಆಂಟಿ, ಉಪ್ಪು ಎಷ್ಟು ಹಾಕ್ತಿದ್ದೀರ?"

"ಒಂದು ಹರಳೂ ಇಲ್ಲ ಮಗಳೇ. ಹಾಳೆ ಕೊಟ್ಟ ದಿನವೇ ಮನೆಯಲ್ಲಿದ್ದದ್ದನ್ನ ಎಸೆದುಬಿಟ್ಟೆ."

ನನ್ನ ತಲೆ ಕೆಟ್ಟುಹೋಯಿತು. "ಸುಳ್ಳು ಹೇಳಬೇಡಿ ಆಂಟಿ! ಉಪ್ಪು ಬಿಟ್ಟವರ ಬಿಪಿ ಹೀಗಿರಲ್ಲ. ನನಗೆ ಸುಳ್ಳು ಹೇಳಿದರೆ ನನಗೇನೂ ನಷ್ಟ ಇಲ್ಲ, ಮೊಮ್ಮಗು ಮುಖ ನೋಡೋಕೆ ಆಗದೇ ಇರೋದು ನಿಮಗೆ."

ಎಂಥ ಮಾತು! ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಆಂಟಿ ಬ್ಯಾಗು ಎತ್ತಿಕೊಂಡು ಬಾಗಿಲಲ್ಲಿ ನಿಂತು, "ಶನಿವಾರ ಮನೆಗೆ ಬಾ. ನಾನು ಅಡುಗೆ ಮಾಡೋದನ್ನ ಪಕ್ಕದಲ್ಲೇ ನಿಂತು ನೋಡು" ಅಂದರು. ನೋಡೋಣ ಅಂದೆ. ಶನಿವಾರ ಕನ್ನಡದವರ ಒಂದು ಕೂಟದಲ್ಲಿ ಉಪ್ಪಿನ ಬಗ್ಗೆಯೇ ನನ್ನ ಭಾಷಣವಿತ್ತು. ಚಪ್ಪಾಳೆ ಚೆನ್ನಾಗಿ ಬಿತ್ತು. ಆಂಟಿಯ ಮನೆಗೆ ಹೋಗಲಿಲ್ಲ.

ಮುಂದಿನ ಗುರುವಾರ ಆಂಟಿ ಲಾಂಡ್ರಿಯಲ್ಲಿ ಬಿದ್ದರು. ಸ್ಟ್ರೋಕ್. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಇಲ್ಲಿ ಅವರಿಗೆ ಹತ್ತಿರದವರು ಯಾರೂ ಇರಲಿಲ್ಲ. ತುರ್ತಿಗೆ ಕರೆಯಬೇಕಾದವರ ಹೆಸರು ಕೇಳಿದಾಗ ಯಾವತ್ತೋ ನನ್ನ ಹೆಸರನ್ನೇ ಕೊಟ್ಟಿದ್ದರಂತೆ. ಆಸ್ಪತ್ರೆಯವರು ನನ್ನ ಕೈಗೆ ಅವರ ಫೋನು, ಮನೆ ಕೀಲಿ ಎರಡೂ ಕೊಟ್ಟು, ನಾಲ್ಕು ಜೊತೆ ಬಟ್ಟೆ ತನ್ನಿ ಅಂದರು.

ಬಟ್ಟೆ ತೆಗೆದುಕೊಂಡು ಸುಮ್ಮನೆ ಬರಬಹುದಿತ್ತು. ಅಡುಗೆಮನೆಗೆ ಹೋದೆ. ನಿಜ ಹೇಳುತ್ತೇನೆ, ಉಪ್ಪು ಹುಡುಕುವುದಕ್ಕೇ ಹೋದೆ. ಸಿಕ್ಕರೆ ನನ್ನ ಮಾತೇ ಸರಿ ಅಂತಾಗುತ್ತಿತ್ತಲ್ಲ. ಎಲ್ಲ ಡಬ್ಬಿ ತೆರೆದೆ. ಉಪ್ಪು ಇರಲಿಲ್ಲ. ನಾನು ಕೊಟ್ಟ ಹಾಳೆ ಫ್ರಿಜ್ಜಿನ ಮೇಲೆ ಅಂಟಿಸಿತ್ತು. ಒಲೆಯ ಪಕ್ಕದಲ್ಲಿ ಒಂದು ದೊಡ್ಡ ಡಬ್ಬಿಯ ತುಂಬ ಬೆಳ್ಳಿ ಕಾಗದ ಸುತ್ತಿದ ಮಸಾಲೆ ಕ್ಯೂಬ್‌ಗಳು. ಸಾರಿಗೆ ರುಚಿ ಬರಲಿ ಅಂತ ಪುಡಿಮಾಡಿ ಹಾಕುವಂಥವು. ಡಬ್ಬಿ ತಿರುಗಿಸಿ ಹಿಂದೆ ಬರೆದದ್ದು ಓದಿದೆ. ಪಟ್ಟಿಯ ಮೊದಲ ಹೆಸರೇ ಉಪ್ಪು. ಕಸದ ಬುಟ್ಟಿಯಲ್ಲಿ ಬೆಳ್ಳಿ ಕಾಗದಗಳು ರಾಶಿ ಬಿದ್ದಿದ್ದವು.

ಅಯ್ಯೋ ದೇವರೇ ಅಂತ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅಕ್ರಾದ ಅಂಗಡಿಗಳಿಗೆಲ್ಲ ಕ್ಯೂಬ್ ಕಂಪನಿಯವರೇ ಬಣ್ಣ ಹೊಡೆಸಿಕೊಡುತ್ತಾರೆ, ಅದಿಲ್ಲದೆ ನಮ್ಮಲ್ಲಿ ಸಾರೇ ಇಲ್ಲ ಅಂತ ಅವರೇ ಹೇಳಿದ್ದರು. ನಾನು ನಕ್ಕು ಕೇಳಿಸಿಕೊಂಡಿದ್ದೆ. ಉಪ್ಪು ಬಿಟ್ಟ ಮೇಲೆ ಸಾರು ಸಪ್ಪೆಯಾಗುತ್ತದೆ. ಸಪ್ಪೆಯಾದರೆ ಎರಡು ಕ್ಯೂಬಿನ ಜಾಗದಲ್ಲಿ ನಾಲ್ಕು. ಬಿಪಿ ಏರದೆ ಇನ್ನೇನಾಗುತ್ತದೆ? ಸ್ಟ್ರೋಕ್ ಇದರಿಂದಲೇ ಆಯಿತು ಅಂತ ಯಾವ ಡಾಕ್ಟರೂ ಬರೆದುಕೊಡುವುದಿಲ್ಲ. ಆದರೂ ನಾನು ಹೇಳಿದ್ದರಿಂದ ಅವರ ತಟ್ಟೆಗೆ ಹೆಚ್ಚು ಉಪ್ಪು ಬಿದ್ದದ್ದಂತೂ ನಿಜ.

ಅಲ್ಲೇ ಕೂತಿದ್ದಾಗ ಆಂಟಿಯ ಫೋನು ಹೊಡೆದುಕೊಂಡಿತು. ಮಗಳು. ವಿಷಯ ಅವಳಿಗೆ ಆಸ್ಪತ್ರೆಯವರು ಬೆಳಿಗ್ಗೆಯೇ ತಿಳಿಸಿದ್ದರು.

"ಸಿಸ್ಟರ್, ನೀವೇನಾ? ಅಮ್ಮ ದಿನಾ ನಿಮ್ಮದೇ ಮಾತು. ನೀವು ಅವರನ್ನ ಎಷ್ಟು ಚೆನ್ನಾಗಿ ನೋಡಿಕೊಂಡಿರಿ."

ಹೂಂ ಅಂದೆ.

"ನಂಗೂ ಪ್ರೆಶರ್ ಜಾಸ್ತಿ ಅಂದಿದ್ದಾರೆ ಸಿಸ್ಟರ್. ಮಗುವಿಗೆ ತೊಂದರೆ ಅಂತೆ. ನೀವು ಅಮ್ಮನಿಗೆ ಹೇಳಿದ ಹಾಗೇ ನಾನೂ ಉಪ್ಪು ಪೂರ್ತಿ ಬಿಟ್ಟಿದ್ದೀನಿ. ಅಮ್ಮನೇ ಫೋನಲ್ಲಿ ಹೇಳಿಕೊಟ್ಟರು."

"ಸಾರಿಗೆ ಏನೇನು ಹಾಕ್ತೀಯಮ್ಮಾ? ಒಂದೊಂದೇ ಹೇಳು" ಅಂದೆ. ಎರಡು ತಿಂಗಳ ಹಿಂದೆ ಅವಳ ತಾಯಿಯನ್ನು ಕೇಳಬೇಕಾಗಿದ್ದ ಪ್ರಶ್ನೆ.

ಹೇಳಿದಳು. ಟೊಮೇಟೊ, ಈರುಳ್ಳಿ, ಶುಂಠಿ, ಮೆಣಸಿನಕಾಯಿ, ಕ್ಯೂಬ್ ಮೂರು. ನಾನು ಎಲ್ಲವನ್ನೂ ಹೇಳಿಬಿಟ್ಟೆ. ಕ್ಯೂಬ್ ಇವತ್ತೇ ಬಿಡು, ನಾಳೆ ಬೆಳಿಗ್ಗೆಯೇ ಡಾಕ್ಟರ್ ಹತ್ತಿರ ಹೋಗು ಅಂದೆ. ನಿನ್ನ ಅಮ್ಮನಿಗೆ ನಾನು ಇದನ್ನ ಹೇಳಲೇ ಇಲ್ಲ, ಸುಳ್ಳು ಹೇಳ್ತೀರಿ ಅಂತ ಬೈದು ಕಳಿಸಿದೆ ಅಂತಲೂ ಹೇಳಿದೆ.

"ಅಮ್ಮನಿಗೆ ಗೊತ್ತಾ?" ಅಂದಳು.

"ಇಲ್ಲ."

"ಹೇಳಿ. ನಾನು ಬಂದು ಹೇಳೋಕಾಗಲ್ಲ" ಅಂತ ಫೋನ್ ಇಟ್ಟಳು.

ಮರುದಿನ ಮಧ್ಯಾಹ್ನ ಆಂಟಿಯ ಹಾಸಿಗೆಯ ಪಕ್ಕ ಕೂತು, ಅವರ ಎಡಗೈ ಹಿಡಿದುಕೊಂಡು ಎಲ್ಲವನ್ನೂ ಹೇಳಿದೆ. ಮಾತು ಬಾರದಿದ್ದರೂ ಕೇಳಿದ್ದು ಅರ್ಥವಾಗುತ್ತದೆ ಅಂದಿದ್ದರು ಡಾಕ್ಟರ್. "ನೀವು ಸುಳ್ಳು ಹೇಳಿರಲಿಲ್ಲ ಆಂಟಿ. ತಪ್ಪು ನನ್ನದು" ಅಂದೆ. ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಆಡುತ್ತಿದ್ದ ಆ ಒಂದೇ ಕೈಯನ್ನು ನನ್ನ ಕೈಯಿಂದ ಬಿಡಿಸಿಕೊಂಡು ಗೋಡೆಯ ಕಡೆ ತಿರುಗಿದರು.