ಮನರೂಪಾ ದಿದಿಯ ಗಾಜಿನ ಲೋಟ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಾಮ್ಚಿ ಪಟ್ಟಣದ ಕೆಳಗೆ, ಬೆಟ್ಟದ ಇಳಿಜಾರಿನ ನಮ್ಮೂರಿನಲ್ಲಿ, ಮೆಟ್ಟಿಲಿನಂತೆ ಪಟ್ಟೆ ಪಟ್ಟೆಯಾಗಿರುವ ಶುಂಠಿ ಗದ್ದೆಯೊಂದರಲ್ಲಿ, ನಾವೆಲ್ಲ ದಿದಿ, ಅಂದರೆ ಅಕ್ಕ, ಎನ್ನುವ ಮನರೂಪಾ ರಾಯ್ ಗಾಜಿನ ಲೋಟವೊಂದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಿದ್ದಾರೆ. ಲೋಟದಲ್ಲಿ ತಿಳಿನೀರು, ನೀರಿಗೆ ಈಗಷ್ಟೇ ಕತ್ತರಿಸಿ ಇಳಿಬಿಟ್ಟ, ಹಳದಿಗಟ್ಟಿದ ಶುಂಠಿ ಗಿಡದ ದಂಟು. ಗದ್ದೆಯ ಒಡೆಯ ಹರ್ಕಬೀರ್ ಲೋಟವನ್ನೇ ನೋಡುತ್ತಿದ್ದಾನೆ. ಪಕ್ಕದ ಗದ್ದೆಯಿಂದ ಬಂದ ನಾನೂ ಬಗ್ಗಿ ನೋಡುತ್ತೇನೆ.

ದಂಟಿನಿಂದ ಹಾಲಿನಂಥ ಎಳೆ ಇಳಿದರೆ ಬ್ಯಾಕ್ಟೀರಿಯಾದ ಸೊರಗು ರೋಗ. ಈ ಮಣ್ಣಿನಲ್ಲಿ ವರ್ಷಗಟ್ಟಲೆ ಶುಂಠಿಯ ಮಾತೆತ್ತುವಂತಿಲ್ಲ. ನೀರು ತಿಳಿಯಾಗಿಯೇ ಉಳಿದರೆ ಶಿಲೀಂಧ್ರದ ಕೊಳೆ, ಹೋರಾಡಬಹುದು. ಮನರೂಪಾ ಅವರ ಅತ್ತೆ ಜೋಪಾನ ಮಾಡಿಕೊಂಡು ಬಂದ ದಪ್ಪ ಗಡ್ಡೆಯ ಭೈಸೆ ತಳಿ ಈಗ ಉಳಿದಿರುವುದು ಈ ಗದ್ದೆಯಲ್ಲಿ ಮಾತ್ರ. ಹರ್ಕಬೀರನಿಗೆ ಬೀಜದ ಗಡ್ಡೆ ಕೊಟ್ಟವರು ಇವರೇ. ಮರುವರ್ಷ ಇವರ ಸ್ವಂತ ಗದ್ದೆ ಪೂರ್ತಿ ಕೊಳೆತುಹೋಯಿತು.

ಕಾರಣ ನಮ್ಮವರ ಹಳೇ ಚಟ. ಮೊಳಕೆ ಗಿಡವಾಗಿ ನಿಂತೊಡನೆ, ನೆಟ್ಟ ತಾಯಿಗಡ್ಡೆಯನ್ನು ಕೊಕ್ಕೆಯಿಂದ ಕಿತ್ತು ಸಂತೆಗೆ ಒಯ್ಯುತ್ತೇವೆ. ಆಗ ಶುಂಠಿಗೆ ಒಳ್ಳೆ ಬೆಲೆ. ಒದ್ದೆ ಮಣ್ಣಿನಲ್ಲಿ ಕಿತ್ತರೆ ಬೇರಿಗೆ ಗಾಯ, ಗಾಯದೊಳಗೆ ಕೊಳೆ. ಅದೇ ಕೊಕ್ಕೆ ಅದನ್ನು ಮುಂದಿನ ಗಿಡಕ್ಕೂ ದಾಟಿಸುತ್ತದೆ. ಸ್ವಂತ ಗದ್ದೆ ಹೋದಂದಿನಿಂದ ದಿದಿ ಲೋಟ ಹಿಡಿದು ಊರಿನ ಗದ್ದೆಗಳನ್ನೆಲ್ಲ ಸುತ್ತುತ್ತಾರೆ. "ಏನ್ ದಿದಿ, ಬೆಳಿಗ್ಗೆ ಬೆಳಿಗ್ಗೆನೇ ಲೋಟ ಹಿಡಿದ್ಯಾ?" ಎಂದು ಹೆಚ್ಚು ಕಿಚಾಯಿಸಿದವನು ಇದೇ ಹರ್ಕಬೀರ್.

"ನೋಡು ಭಾಯಿ, ನೀರು ತಿಳಿಯಾಗೇ ಇದೆ," ಎನ್ನುತ್ತಾರೆ ದಿದಿ. "ಈ ಸಲ ತಾಯಿಗಡ್ಡೆ ಯಾವ ಕಡೆಯಿಂದ ಕೀಳೋಕೆ ಶುರು ಮಾಡಿದ್ದೆ?"

"ಕೆಳಗಿಂದ. ಮೇಲಿನ ಪಟ್ಟೆಗೆ ಹೋಗೋಷ್ಟರಲ್ಲಿ ಮಳೆ ಜೋರಾಯ್ತು, ಮನೆಗೆ ಹೋಗಿ ಮಲಗಿಬಿಟ್ಟೆ."

"ನಿನ್ನ ಸೋಮಾರಿತನ ಗದ್ದೆ ಉಳಿಸ್ತು, ಹೋಗು."

ನನಗಂತೂ ಕುಣಿಯುವಷ್ಟು ಖುಷಿ. ಮೇಲಿನ ಪಟ್ಟೆಗಳಲ್ಲಿ ಒಂದು ಎಲೆಯೂ ಬಾಡಿಲ್ಲ, ಕೆಳಗಿನ ನೀರು ಅಲ್ಲಿಗೆ ಹತ್ತುವುದಿಲ್ಲ. ಇಬ್ಬರೂ ಹಳದಿ ಬುಡಗಳನ್ನು ಸುತ್ತಲಿನ ಮಣ್ಣಿನ ಸಮೇತ ಅಗೆದು, ದೂರ ಒಯ್ದು ಆಳವಾಗಿ ಹೂಳುತ್ತಾರೆ. ಗಿಡ ಅಗೆದ ಗುಂಡಿಗೆ ಸುಣ್ಣ ಸುರಿಯುತ್ತಾರೆ, ನೀರು ನಿಲ್ಲದಂತೆ ಕಾಲುವೆ ತೋಡುತ್ತಾರೆ. ಚೆನ್ನಾಗಿರುವ ಗಿಡಗಳಿಗೆ, ಕೊಳೆ ತಡೆಯುವ ಟ್ರೈಕೋಡರ್ಮಾ ಬೆರೆಸಿದ ಸಗಣಿ ಗೊಬ್ಬರ. ಕೊನೆಗೆ ಕೊಕ್ಕೆಯನ್ನು ಬೆಂಕಿಯಲ್ಲಿ ಕಾಯಿಸುತ್ತಾರೆ.

ಆರಿದ ಕೊಕ್ಕೆಯನ್ನು ಹರ್ಕಬೀರ್ ದಿದಿಯ ಕೈಗಿಡುತ್ತಾನೆ. "ಇದು ನಿನ್ನ ಹತ್ರಾನೇ ಇರ್ಲಿ. ಸಂತೆ ದಿನ ನಂಗೆ ಮನಸ್ಸು ತಡೆಯಲ್ಲ. ನಿಂಗೇನು ಬೇಕು, ಹೇಳು."

ದಿದಿ ಕೊಕ್ಕೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಲಿನ ಪಟ್ಟೆಯನ್ನೇ ನೋಡುತ್ತಾರೆ.

"ಕೊಯ್ಲಾದ ಮೇಲೆ ಅಲ್ಲಿಂದ ಒಂದು ಬುಟ್ಟಿ ಬೀಜ ಕೊಡು. ಅತ್ತೆಯ ಶುಂಠಿ ಮನೆಗೆ ಬರ್ಲಿ."