ಕೊಳಲು ಮುಗಿಯುವ ತನಕ

ನನಗೆ ಅನುಮಾನದ ಬುದ್ಧಿ ಹತ್ತಿದ್ದು ರೇಡಿಯೋದಿಂದ. ಎಪ್ಪತ್ತರ ದಶಕದ ಕೊನೆಯ ಮಾತು, ನಾನಾಗ ಕಾಲೇಜಿನಲ್ಲಿದ್ದೆ. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ರೇಡಿಯೋ ಇದ್ದದ್ದು ದೇವರಮನೆಯ ಪಕ್ಕದ ಗೂಡಿನಲ್ಲಿ. ಅದಕ್ಕೆ ಅಪ್ಪನ ಕಾನೂನುಗಳಿದ್ದವು. ವಾರ್ತೆ ಆಗಬಹುದು, ವಚನ ಆಗಬಹುದು, ಶಾಸ್ತ್ರೀಯ ಸಂಗೀತ ಅರ್ಥವಾಗದಿದ್ದರೂ ಆಗಬಹುದು. ಚಿತ್ರಗೀತೆ ಬಂದರೆ ಮಾತ್ರ ತಕ್ಷಣ ಆರಿಸಬೇಕು. ಆರಿಸುವ ಕೆಲಸ ಅಮ್ಮನದು. ಅವಳು ತಪ್ಪದೆ ಆರಿಸುತ್ತಿದ್ದಳು, ಆದರೆ ಪಲ್ಲವಿ ಮುಗಿಯುವ ಮೊದಲು ಆರಿಸಿದ್ದನ್ನು ನಾನಂತೂ ಕಾಣೆ. ಅಡುಗೆಮನೆಯಿಂದ ಬರಬೇಕು, ಕೈ ಒರೆಸಿಕೊಳ್ಳಬೇಕು, ಸೆರಗು ಸರಿಮಾಡಿಕೊಳ್ಳಬೇಕು, ಆಮೇಲೆ ರೇಡಿಯೋದ ಕಿವಿ ಹಿಂಡಬೇಕು. ಇದೇ ಅಮ್ಮ ಕೃಷಿ ವಿಚಾರದ ಕಾರ್ಯಕ್ರಮ ಬಂದರೆ ಹಿಟ್ಟಿನ ಕೈಯಲ್ಲೇ ಓಡಿ ಬಂದು ಆರಿಸುತ್ತಿದ್ದಳು.

ಅಪ್ಪನದು ಮಾಮೂಲ್‌ಪೇಟೆಯಲ್ಲಿ ದಾರ, ಲೇಸು, ಗುಂಡಿಗಳ ಅಂಗಡಿ. ಅಲ್ಲಿ ಬಿಳಿ ಗುಂಡಿ ಬೇರೆ ಡಬ್ಬಿ, ಬಣ್ಣದ ಗುಂಡಿ ಬೇರೆ ಡಬ್ಬಿ. ಜಗತ್ತಿನ ಹಾಡುಗಳಿಗೂ ಅವರು ಎರಡೇ ಡಬ್ಬಿ ಇಟ್ಟಿದ್ದರು, ಒಳ್ಳೇದು ಮತ್ತು ಸಿನಿಮಾದ್ದು.

ಸೋಮವಾರ ಸಂಜೆ ಅಮ್ಮ ಮಹಿಳಾ ಮಂಡಳಿಗೆ ಹೋಗುತ್ತಿದ್ದಳು. ಹತ್ತಿರದ ಮಠದ ಹಜಾರದಲ್ಲಿ ಹೆಂಗಸರೆಲ್ಲ ಸೇರಿ ವಚನ ಹಾಡುತ್ತಿದ್ದರು. ಧಾಟಿ ಕಟ್ಟುತ್ತಿದ್ದವರು ಹಾರ್ಮೋನಿಯಂ ಬಾರಿಸುವ ಒಬ್ಬ ಆಂಟಿ. ಮೆಜೆಸ್ಟಿಕ್ ಕಡೆ ಹೊಸ ಸಿನಿಮಾ ಬಂದ ಸ್ವಲ್ಪ ದಿನಕ್ಕೆಲ್ಲ ಮಂಡಳಿಯಲ್ಲಿ ಒಂದು ಹಳೇ ವಚನಕ್ಕೆ ಹೊಸ ಧಾಟಿ ಬಂದುಬಿಡುವುದನ್ನು ನಾನು ಗಮನಿಸಿದ್ದೆ. ಹಾಗೆ ಬಂದ ಒಂದು ಧಾಟಿಯ ಬಗ್ಗೆ ಅಮ್ಮನನ್ನು ಕೇಳಿದರೆ, ಅದು ಬಹಳ ಹಳೇ ಧಾಟಿ, ಆ ಆಂಟಿಗೆ ಅವರ ಅತ್ತೆಯಿಂದ ಬಂದದ್ದು ಎಂದಳು. ಅತ್ತೆ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಆ ಧಾಟಿಯ ಸಿನಿಮಾ ಬಂದದ್ದು ಹಿಂದಿನ ದೀಪಾವಳಿಗೆ.

ಆ ಸಿನಿಮಾವನ್ನು ನಾನೂ ಅಕ್ಕನೂ ನೋಡಿದ್ದೆವು. ಮ್ಯಾಚಿಂಗ್ ಬ್ಲೌಸ್ ಪೀಸ್ ತರುತ್ತೇವೆಂದು ಹೇಳಿ ಹೋಗಿದ್ದೆವು. ಅದರ ಒಂದು ಹಾಡಿನಲ್ಲಿ ಎರಡನೇ ಸಾಲಾದ ಮೇಲೆ ಉದ್ದಕ್ಕೆ ಕೊಳಲು ಬರುತ್ತದೆ. ಮಂಡಳಿಯಲ್ಲಿ ಕೊಳಲು ಎಲ್ಲಿಂದ ಬರಬೇಕು? ಹೆಂಗಸರು ಎರಡನೇ ಸಾಲು ಹೇಳಿ, ಬರೀ ತಾಳ ಹಾಕುತ್ತಾ ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದರು. ಕೊಳಲು ಮುಗಿಯಬೇಕಾದ ಹೊತ್ತಿಗೆ ಎಲ್ಲರೂ ಒಟ್ಟಿಗೆ ಮೂರನೇ ಸಾಲು ಎತ್ತಿಕೊಳ್ಳುತ್ತಿದ್ದರು. ಮಧ್ಯದಲ್ಲಿ ಯಾಕೆ ನಿಲ್ಲಿಸುತ್ತೀರಿ ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಅಷ್ಟು ಜನರಲ್ಲಿ ಒಬ್ಬರೂ ಸಿನಿಮಾ ನೋಡಿದವರಲ್ಲವಂತೆ.

ಅಂಥ ಹೊತ್ತಿನಲ್ಲಿ ಅಕ್ಕನಿಗೆ ಗಂಡು ಬಂತು. ಹಿಂದೆ ಬಂದ ಎರಡು ಸಂಬಂಧ ಕೂಡಿಬಂದಿರಲಿಲ್ಲ, ಅಪ್ಪ ಸೊರಗಿಹೋಗಿದ್ದರು. ಈ ಸಂಬಂಧ ತಂದವನು ಸೋದರಮಾವ. ಹುಡುಗನಿಗೆ ಬ್ಯಾಂಕಿನಲ್ಲಿ ಕೆಲಸ, ಬಸವನಗುಡಿಯಲ್ಲಿ ಸ್ವಂತ ಮನೆ. ತೊಡಕು ಹುಡುಗನ ಅಪ್ಪನದು. ಅವರು ರಿಟೈರಾದ ಕನ್ನಡ ಮೇಷ್ಟ್ರು. ವಚನಕ್ಕೆ ಸಿನಿಮಾ ಧಾಟಿ ಹಾಕುವವರ ಮೇಲೆ ಕೆಂಡಕಾರುತ್ತಿದ್ದರು. ಪತ್ರಿಕೆಗೆ ಬರೆಯುತ್ತಿದ್ದರು, ಕರೆದ ಕಡೆಯೆಲ್ಲ ಹೋಗಿ ಭಾಷಣ ಮಾಡುತ್ತಿದ್ದರು. ಒಂದು ಭಾಷಣ ನಾನೇ ಕೇಳಿದ್ದೆ. ಶರಣರು ಪಂಡಿತರ ಭಾಷೆ ಬಿಟ್ಟು ಬೀದಿಯ ಮಾತಿನಲ್ಲಿ ವಚನ ಹೇಳಿದರು ಎಂದು ಒಂದು ಗಂಟೆ ಹೊಗಳಿದರು. ಬೀದಿಯ ಹಾಡು ಅದಕ್ಕೆ ತಾಕಬಾರದು ಎಂದು ಇನ್ನೊಂದು ಗಂಟೆ ಬೈದರು. ಎರಡಕ್ಕೂ ಒಂದೇ ಜನ ಚಪ್ಪಾಳೆ ತಟ್ಟಿದರು.

ಹುಡುಗಿ ಒಂದು ವಚನ ಹೇಳಲೇಬೇಕು, ಶುದ್ಧವಾಗಿ ಹೇಳಬೇಕು ಎಂದು ಮಾವ ಎಚ್ಚರಿಸಿ ಹೋದ. ಅಮ್ಮ ಅಕ್ಕನಿಗೆ ಒಂದು ನಿಧಾನದ ಹಿಂದೂಸ್ತಾನಿ ಧಾಟಿ ಬಾಯಿಪಾಠ ಮಾಡಿಸಿದಳು. ಅದನ್ನು ಕೇಳಿದರೆ ಆಕಳಿಕೆ ಬರುತ್ತಿತ್ತು, ಹಾಗಾಗಿ ಶುದ್ಧವೇ ಇರಬೇಕು.

ಅಕ್ಕನದು ಸದಾ ಗುನುಗುವ ಬಾಯಿ. ಹುಣಸೆಹಣ್ಣು ಬಿಡಿಸುವಾಗ, ತಲೆ ಬಾಚುವಾಗ, ಬಾವಿಕಟ್ಟೆಯಲ್ಲಿ ಬಟ್ಟೆ ಹಿಂಡುವಾಗ ಏನಾದರೊಂದು ಸಿನಿಮಾ ಹಾಡು ಸಣ್ಣಗೆ ನಡೆದೇ ಇರುತ್ತಿತ್ತು. ಅಪ್ಪನ ಚಪ್ಪಲಿ ಸದ್ದು ಕೇಳಿದರೆ ನಿಲ್ಲುತ್ತಿತ್ತು. ಹುಡುಗ ಬರುವ ಹಿಂದಿನ ಸಂಜೆ ಮಹಡಿ ಮೇಲೆ ಬಟ್ಟೆ ತೆಗೆಯುವಾಗ ಅವಳು ನನಗೆ ಹೇಳಿದಳು.

“ಫೋಟೋದಲ್ಲಿ ಹುಡುಗ ಪರವಾಗಿಲ್ಲ ಕಣೆ. ಆದ್ರೆ ಆ ಮನೇಲಿ ಬಾಯಿ ಮುಚ್ಕೊಂಡು ಎಷ್ಟು ವರ್ಷ ಇರ್ಲಿ?”

ನನಗೆ ಅಪ್ಪನ ಮೇಲೆ, ಮಾವನ ಮೇಲೆ, ಆ ಮೇಷ್ಟ್ರ ಮೇಲೆಲ್ಲ ಸಿಟ್ಟು ಬಂತು. ಇಲ್ಲಿ ಚಪ್ಪಲಿ ಸದ್ದಿಗೆ ಹೆದರಿದ್ದಾಯಿತು, ಇನ್ನು ಅಲ್ಲೂ ಹೆದರಬೇಕು.

ಭಾನುವಾರ ಬೆಳಿಗ್ಗೆ ಅವರು ಬಂದರು. ಮೇಷ್ಟ್ರು ಖಾದಿ ಜುಬ್ಬ ಹಾಕಿ ಹಣೆ ತುಂಬ ವಿಭೂತಿ ಇಟ್ಟಿದ್ದರು. ಅವರ ಹೆಂಡತಿ ಮಾತಿಲ್ಲದ ಹೆಂಗಸು. ಹುಡುಗ ಕೇಸರಿಭಾತಿನ ಗೋಡಂಬಿ ಆರಿಸಿ ತಿನ್ನುತ್ತಿದ್ದ. ಮೇಷ್ಟ್ರು ನಮ್ಮ ಗೋಡೆಯನ್ನೆಲ್ಲ ತನಿಖೆ ಮಾಡುವಂತೆ ನೋಡಿದರು. ಸಿನಿಮಾ ನಟಿಯರ ಕ್ಯಾಲೆಂಡರ್ ಸಿಗಲಿಲ್ಲ. ಮನೆಯಲ್ಲಿ ಚಿತ್ರಗೀತೆ ಹಾಕುತ್ತೀರೋ ಎಂದು ಕೇಳಿದರು. ಇಲ್ಲವೇ ಇಲ್ಲ ಎಂದು ಅಪ್ಪ ಎದೆಯುಬ್ಬಿಸಿ ಹೇಳಿದರು. ಅಮ್ಮ ಸೆರಗು ಸರಿಮಾಡಿಕೊಂಡಳು.

ಅಕ್ಕ ಚಾಪೆಯ ಮೇಲೆ ಕುಳಿತು ಕಣ್ಣು ಮುಚ್ಚಿ ಶುರುಮಾಡಿದಳು. ಮೊದಲ ಸಾಲಿಗೇ ನನಗೆ ಗೊತ್ತಾಗಿಹೋಯಿತು. ವಚನ ಅಮ್ಮ ಹೇಳಿಕೊಟ್ಟದ್ದೇ. ಧಾಟಿ ಅದಲ್ಲ. ಮಂಡಳಿಯ ಧಾಟಿ, ಅಂದರೆ ದೀಪಾವಳಿ ಸಿನಿಮಾದ ಧಾಟಿ. ಅಮ್ಮನ ಮುಖ ನೋಡಿದೆ, ಬಣ್ಣವೇ ಇರಲಿಲ್ಲ. ಅಪ್ಪ ಮಾತ್ರ ತೊಡೆ ತಟ್ಟುತ್ತಾ ಖುಷಿಯಾಗಿ ತಲೆದೂಗುತ್ತಿದ್ದರು. ಎರಡನೇ ಸಾಲಾಯಿತು. ಅಕ್ಕ ನಿಲ್ಲಿಸಿದಳು, ಆದರೆ ಗಾಬರಿಗೋ ಏನೋ ಪೂರ್ತಿ ಕಾಯದೆ ಮೂರನೇ ಸಾಲಿಗೆ ಹಾರಿಬಿಟ್ಟಳು. ಮೇಷ್ಟ್ರ ಹುಬ್ಬು ಗಂಟಾಯಿತು. ಮುಗಿಯಿತು ನಮ್ಮ ಕಥೆ ಅಂದುಕೊಂಡೆ.

ಹಾಡಾದ ಮೇಲೆ ಅವರು ಮುಚ್ಚಿದ ಕಣ್ಣು ತೆರೆದು, ಭೀಮ್‌ಪಲಾಸ್ ರಾಗದ ಛಾಯೆ ಇದೆ, ಶುದ್ಧವಾಗಿದೆ ಎಂದರು. ಅಪ್ಪನ ಕಣ್ಣಲ್ಲಿ ನೀರೇ ಬಂತು. ನನಗೆ ನಂಬಿಕೆ ಬರಲಿಲ್ಲ. ಇಷ್ಟು ಬಲ್ಲವರಿಗೆ ಊರೆಲ್ಲ ಹಾಡುವ ಧಾಟಿ ತಿಳಿಯಲಿಲ್ಲವೇ? ಅಥವಾ ತಿಳಿದೂ ಸುಮ್ಮನಿದ್ದದ್ದು, ತಿಳಿದದ್ದು ಹೇಗೆ ಎಂದು ಹೇಳಬೇಕಾಗುತ್ತದೆಂದೇ?

ಅವರು ಎದ್ದು ಹೊರಟರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, ತಂಬಿಗೆ ಹಿಡಿದು ನಿಂತಿದ್ದ ಅಕ್ಕನ ಕಡೆ ತಿರುಗಿ, ಕ್ಲಾಸಿನಲ್ಲಿ ಹುಡುಗರನ್ನು ತಿದ್ದುವ ದನಿಯಲ್ಲಿ ಮೇಷ್ಟ್ರು ಹೇಳಿದರು.

“ಎರಡನೇ ಸಾಲಾದ್ಮೇಲೆ ಇನ್ನೊಂಚೂರು ಕಾಯ್ಬೇಕಮ್ಮ. ಕೊಳಲು ಮುಗಿಯೋ ತನಕ.”

ಮೇಷ್ಟ್ರು ಬಗ್ಗಿ ಚಪ್ಪಲಿಯ ಪಟ್ಟಿಯನ್ನು ಬಹಳ ಶ್ರದ್ಧೆಯಿಂದ ಸರಿಮಾಡಿಕೊಳ್ಳತೊಡಗಿದರು. ಹುಡುಗ ಮೊದಲ ಸಲ ತಲೆಯೆತ್ತಿ ಅಕ್ಕನನ್ನು ನೋಡಿದ.

“ಯಾವ ಕೊಳಲು ಸಾರ್?” ಎಂದರು ಅಪ್ಪ.

ಮಾತಿಲ್ಲದ ಆ ಹೆಂಗಸು ತಟಕ್ಕನೆ ಬಸ್ಸು ತಪ್ಪುತ್ತದೆ ಎಂದರು. ಬಸವನಗುಡಿಗೆ ನಡೆದೇ ಹೋಗಬಹುದಿತ್ತು. ಅಮ್ಮ ಎಲೆ ಅಡಿಕೆ ಮರೆತೆನೆಂದು ಒಳಗೆ ಓಡಿದಳು. ಅಪ್ಪನ ಪ್ರಶ್ನೆ ಹೊಸ್ತಿಲಲ್ಲೇ ಉಳಿಯಿತು.

ಅಡುಗೆಮನೆಯಲ್ಲಿ ತಟ್ಟೆ ಜೋಡಿಸುತ್ತಿದ್ದ ಅಕ್ಕನನ್ನು ಹಿಡಿದು, ಯಾಕೆ ಹೀಗೆ ಮಾಡಿದೆ, ಅವರು ಎದ್ದು ಹೋಗಿದ್ದರೆ ಏನು ಗತಿ ಎಂದು ರೇಗಿದೆ.

“ಹೋದ್ರೆ ಹೋಗ್ಲಿ ಅಂತಾನೇ ಹಾಡ್ದೆ,” ಎಂದಳು. “ಈಗ ನನಗೆ ಒಪ್ಪಿಗೆ ಅಂತ ಅಪ್ಪಂಗೆ ಹೇಳು.”

ಅವರ ಕಡೆಯ ಒಪ್ಪಿಗೆಯೂ ಆ ವಾರದಲ್ಲೇ ಬಂತು. ಮೇಷ್ಟ್ರು ಬಾಯಿ ತಪ್ಪಿ ಅಂದರೋ, ಹುಡುಗಿಗೆ ಗುಟ್ಟಾಗಿ ಧೈರ್ಯ ಹೇಳಿದರೋ ನನಗೆ ಇಂದಿಗೂ ಅನುಮಾನ. ಭಾಷಣವನ್ನಂತೂ ಅವರು ಕೊನೆಯವರೆಗೂ ನಿಲ್ಲಿಸಲಿಲ್ಲ.

ಮುಂದಿನ ಭಾನುವಾರ ಅಪ್ಪ ಊಟ ಮುಗಿಸಿ ಕುಳಿತಿದ್ದಾಗ ರೇಡಿಯೋದಲ್ಲಿ ಅದೇ ಸಿನಿಮಾ ಹಾಡು ಬಂತು. ಅಮ್ಮ ಎಂದಿನಂತೆ ಕೈ ಒರೆಸಿಕೊಂಡು ಬರುವಷ್ಟರಲ್ಲಿ ಅಪ್ಪ ಎದ್ದುನಿಂತಿದ್ದರು.

“ಕೇಳಿದ್ರೇನ್ರೇ? ನಮ್ಮ ಹುಡುಗಿ ಹೇಳಿದ ವಚನದ ಧಾಟೀನೇ ಕದ್ಬಿಟ್ಟಿದಾರೆ.”

ಇದನ್ನು ಬಿಡಬಾರದು, ಈಗಲೇ ಬೀಗರ ಮನೆಗೆ ಹೋಗಿ ಹೇಳಿದರೆ ಮೇಷ್ಟ್ರು ಪತ್ರಿಕೆಗೆ ಬರೆದು ಈ ಸಿನಿಮಾದವರ ಮಾನ ಕಳೆಯುತ್ತಾರೆ ಎನ್ನುತ್ತಾ ಅಂಗಿಗೆ ಕೈ ಹಾಕಿದರು.

“ಹೋಗ್ಬೇಡಿ ಅಪ್ಪ,” ಎಂದಳು ಅಕ್ಕ. “ಅವ್ರಿಗೆ ಗೊತ್ತು.”

ಅಪ್ಪನ ಒಂದೇ ಕೈ ಅಂಗಿಯೊಳಗೆ ಹೋಗಿತ್ತು. ಅಕ್ಕನನ್ನು ನೋಡಿದರು, ನನ್ನನ್ನು ನೋಡಿದರು, ರೇಡಿಯೋ ಮುಂದೆ ನಿಂತುಹೋಗಿದ್ದ ಅಮ್ಮನನ್ನು ಬಹಳ ಹೊತ್ತು ನೋಡಿದರು. ಎರಡನೇ ಸಾಲು ಮುಗಿದು ಕೊಳಲು ಶುರುವಾಯಿತು. ಅಪ್ಪ ಹಾಗೆಯೇ, ಒಂದು ತೋಳು ಹೊರಗೆ ಬಿಟ್ಟುಕೊಂಡು, ಕುರ್ಚಿಯಲ್ಲಿ ಕುಳಿತರು. ಅದು ಮುಗಿಯುವ ತನಕ ಮಾತಾಡಲಿಲ್ಲ. ಆಮೇಲೆ ಅಮ್ಮನಿಗೆ, ಸ್ವಲ್ಪ ಸಣ್ಣಗೆ ಮಾಡು, ಪಕ್ಕದ ಮನೆಗೆ ಕೇಳಿಸುತ್ತೆ ಎಂದರು.