ಬಡಿಸುವ ಸರದಿ

ಮೊಮ್ಮಗಳು ಕಾವ್ಯಳನ್ನು ಕೆಡವಿದ್ದು ಓಟವಲ್ಲ, ನನ್ನ ಸೌಟು. ಮನೆಯವರು ಏನಾದರೂ ಹೇಳಿಕೊಳ್ಳಲಿ, ನಡೆದದ್ದು ಇಷ್ಟೇ.

ಇವತ್ತು ಹೊನಗೊನ್ನೆ ಸೊಪ್ಪಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕುವಾಗ ಆ ಘಾಟಿಗೆ ತವರೂರು ಹೊಸಬಾಳೆ ನೆನಪಾಯಿತು. ನನಗಾಗ ಹದಿನಾಲ್ಕು. ಕಳೆ ಕೀಳಲು ಹೋದರೆ ಬದುವಿನ ಮೇಲಿನ ಈ ಸೊಪ್ಪು ಮಡಿಲು ತುಂಬುತ್ತಿತ್ತು. ಆಯಾ ಕಾಲಕ್ಕೆ ದಾರಿಯಲ್ಲಿ ನೆಲ್ಲಿಕಾಯಿ, ಬಾಯಿ ನೀಲಿಯಾಗುವಷ್ಟು ನೇರಳೆ. ದೊಡ್ಡ ಸಂಗತಿ ಅಂದುಕೊಳ್ಳಬೇಡಿ. ಬೇರೇನೂ ಸಿಗುತ್ತಿರಲಿಲ್ಲ, ತಿಂದೆವು. ಅವ್ವನಿಗೆ ಮಾತ್ರ ಒಂದು ಹಟವಿತ್ತು. ಗದ್ದೆಯಿಂದ ತಡವಾಗಿ ಬರುವವರ ಪಾಲನ್ನು ಮೊದಲು ಎತ್ತಿಟ್ಟು, ಆಮೇಲೆ ಉಳಿದವರಿಗೆ ಬಡಿಸುವಳು. ಕಟ್ಟೆಯ ಮೇಲೆ ಕೂತ ದೊಡ್ಡಪ್ಪ ಗೊಣಗಿದರೆ, "ನೀವೂ ಒಂದ್ ಸಾಲು ಕಳೆ ಕಿತ್ತು ಬನ್ನಿ ಭಾವ, ನಿಮಗೂ ಎತ್ತಿಡ್ತೀನಿ" ಎನ್ನುವಳು.

ಶಿಕಾರಿಪುರಕ್ಕೆ ಸೊಸೆಯಾಗಿ ಬಂದೆ. ಇದು ಅಂಗಡಿಯವರ ಮನೆ. ಗದ್ದೆಗೆ ಹೋಗುವವರಿಲ್ಲ, ಎತ್ತಿಡುವುದೂ ಮರೆತುಹೋಯಿತು. ಮೊಮ್ಮಕ್ಕಳ ಕಾಲಕ್ಕೆ ನನ್ನದೇ ಕಾನೂನು: ಓದುವವರಿಗೆ ಮೊದಲು. ಪಿಯುಸಿಯ ಚೇತನನಿಗೆ ಪಲ್ಯ, ಮೊಳಕೆ ಕಾಳು, ಹಣ್ಣು. ಅವನು ತಟ್ಟೆಯ ಪಕ್ಕ ಪುಸ್ತಕ ಇಡುತ್ತಿದ್ದ, ಪುಸ್ತಕದೊಳಗೆ ಮೊಬೈಲು. ನನಗೆ ಪುಸ್ತಕವಷ್ಟೇ ಕಾಣುತ್ತಿತ್ತು. ಅವನ ತಂಗಿ ಕಾವ್ಯ ಹತ್ತನೇ ಕ್ಲಾಸು. ಶಾಲೆ ಬಿಟ್ಟ ಮೇಲೆ ಮೈದಾನದಲ್ಲಿ ಓಡಿ, ಬೆವರಿಳಿಸಿಕೊಂಡು ಕೊನೆಗೆ ಬರುವಳು. ಅವಳಿಗೆ ಉಳಿದ ಅನ್ನ, ತಿಳಿಸಾರು, ಒಂದು ಲೋಟ ಗಟ್ಟಿ ಚಹಾ.

"ಅಜ್ಜಿ, ಪಲ್ಯ?"

"ಓಡೋಕೆ ಪಲ್ಯ ಯಾಕೆ, ಕಾಲಿದ್ರೆ ಸಾಕು" ಎಂದಿದ್ದೆ. ನಗಿಸಿದೆ ಅಂದುಕೊಂಡಿದ್ದೆ.

ಹೋದ ವರ್ಷ, ಜಿಲ್ಲಾ ಮಟ್ಟದ ಓಟಕ್ಕೆ ಎರಡು ತಿಂಗಳಿರುವಾಗ, ಮೈದಾನದಲ್ಲೇ ಕುಸಿದಳು. ಆಸ್ಪತ್ರೆಯಲ್ಲಿ ರಕ್ತ ಕಡಿಮೆ ಎಂದರು. ನರ್ಸಮ್ಮ ನನ್ನ ಕಡೆ ತಿರುಗಿ, "ಓಡೋ ಮೈ ಒಳಗೊಳಗೇ ಜಾಸ್ತಿ ಸವೀತದೆ ಅಜ್ಜಿ. ಸೊಪ್ಪು, ನೆಲ್ಲಿಕಾಯಿ, ಬಣ್ಣದ ಹಣ್ಣು ಅದನ್ನ ತಡೀತಾವೆ. ಊಟದ ಜೊತೆ ಚಹಾ ಕೊಡಬೇಡ್ರೀ, ರಕ್ತ ಆಗೋ ಕಬ್ಬಿಣಾಂಶ ಮೈಗೆ ಹತ್ತಲ್ಲ. ಮನೇಲಿ ಸೊಪ್ಪು ಮಾಡಲ್ವಾ?" ಎಂದಳು.

"ಮಾಡ್ತೀನಿ" ಎಂದಷ್ಟೇ ಹೇಳಿದೆ. ಕೂತವನಿಗೆ ಹಾಕ್ತೀನಿ ಎಂಬುದನ್ನು ಬಿಟ್ಟೆ.

ಮನೆಗೆ ಬಂದ ಮೇಲೆ ನನ್ನ ಮಗ, "ಓಟ ಸಾಕು. ನಾಳೆ ಸ್ಕೂಲಿಗೆ ಫೋನ್ ಮಾಡಿ ಹೆಸರು ತೆಗೆಸ್ತೀನಿ" ಎಂದ. ಕಾವ್ಯ ಗೋಡೆ ಕಡೆ ತಿರುಗಿ ಮಲಗಿದಳು.

"ಓಟ ಬಿಡಿಸೋದಾದ್ರೆ ಮೊದ್ಲು ನನ್ನ ಕೈಯಿಂದ ಸೌಟು ಬಿಡ್ಸೋ" ಎಂದೆ. "ಪಲ್ಯ ಇದ್ದೂ ಹಾಕ್ಲಿಲ್ಲ ನಾನು."

ಚೇತನ ತಲೆ ಎತ್ತದೆ, "ನಂಗೂ ಗೊತ್ತಿತ್ತು ಅಜ್ಜಿ. ರುಚಿ ಇತ್ತು, ತಿಂದೆ" ಎಂದ. ನಿಜ ಹೇಳಿದ ಹುಡುಗನನ್ನು ಏನೆಂದು ಬೈಯಲಿ?

ಮಗ ಎದ್ದುಹೋಗಿ ಫೋನಿನಲ್ಲಿ ಸ್ಕೂಲಿನ ನಂಬರು ಹುಡುಕತೊಡಗಿದ. ಅವನು ಹಿಡಿದ ಹಟ ಬಿಡುವವನಲ್ಲ ಎಂಬುದು ಹೆತ್ತವಳಿಗೆ ಗೊತ್ತು.

ಮರುದಿನ ಬೆಳಿಗ್ಗೆ ಅವನು ಫೋನ್ ಹಿಡಿಯುವ ಮೊದಲೇ ನಾನು ಅವಳ ಶಾಲೆಗೆ ನಡೆದೆ. ಮೂರನೇ ಕ್ಲಾಸಿಗೆ ಬಿಟ್ಟವಳು, ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ್ದು ಅವತ್ತೇ. ಆಟದ ಮೇಷ್ಟ್ರು, "ನೀವು ಯಾರ್ರೀ?" ಎಂದು ಕೇಳಿದರು.

"ಕಾವ್ಯಂಗೆ ಊಟಕ್ಕೆ ಹಾಕೋಳು" ಎಂದೆ. "ಡಾಕ್ಟ್ರು ಹೂಂ ಅನ್ನೋವರೆಗೂ ಓಡಿಸ್ಬೇಡ್ರಿ. ಆದ್ರೆ ಹೆಸರು ಹೊಡೆದು ಹಾಕ್ಬೇಡ್ರಿ. ತಪ್ಪು ಅವಳ ಕಾಲಿಂದಲ್ಲ."